ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಬೇಕಾ? ಮೊದಲು ಊರಿನ ಕಬಡ್ಡಿ ಮಾಡಿಸಿ ನೋಡಿ

ಅಡಿಕೆ ಕೊಯ್ಲು ಮುಗಿದ ಮೇಲೆ ಮಳೆ ಹಿಡಿಯುವ ತನಕ ನಮ್ಮ ತೀರ್ಥಹಳ್ಳಿ ಕಡೆ ಹೊನಲು ಬೆಳಕಿನ ಪಂದ್ಯಾವಳಿಗಳದ್ದೇ ಕಾಲ. ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಅಲ್ಲಿ ಮೈಕ್ ಹಿಡಿಯುವ, ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಅಲೆಯುವ ಹುಡುಗರಲ್ಲಿ ವರ್ಷಕ್ಕೆ ಒಬ್ಬಿಬ್ಬರಾದರೂ ನನಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಅಂತ ಕೋರ್ಸ್ ಇದೆಯಂತಲ್ಲ, ಸೇರಬಹುದಾ?" ನಾನು ಅದನ್ನೇ ಓದಿದವನು. ಪ್ರತಿ ಸಲ ಅರ್ಧ ಗಂಟೆ ಹೇಳುವುದನ್ನು ಒಮ್ಮೆ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ.

ಸೇರಬಹುದು. ಆದರೆ ಫೀಸು ಕಟ್ಟುವ ಮೊದಲು ಒಂದು ಪಂದ್ಯಾವಳಿಯ ಖರ್ಚಿನ ಪುಸ್ತಕ ನೀವೇ ಬರೆದಿರಬೇಕು. ಆಟ ನೋಡುವ ಹುಚ್ಚು ಬೇರೆ, ಆಟ ನಡೆಸುವ ಹುಚ್ಚು ಬೇರೆ. ನಡೆಸುವವನಿಗೆ ಫೈನಲ್ ನೋಡಲು ಪುರುಸೊತ್ತೇ ಇರುವುದಿಲ್ಲ. ನಾನು ಕೈಹಾಕಿದ ಪಂದ್ಯಾವಳಿಗಳಲ್ಲಿ ಒಂದೇ ಒಂದು ಫೈನಲ್ ಅನ್ನೂ ಇವತ್ತಿನ ತನಕ ಪೂರ್ತಿ ನೋಡಿಲ್ಲ. ಆ ಹೊತ್ತಿಗೆ ಟ್ರೋಫಿ ಮೇಲೆ ಹೆಸರು ತಪ್ಪು ಅಚ್ಚಾಗಿರುತ್ತದೆ, ಇಲ್ಲಾ ಶಾಮಿಯಾನದವನು ದುಡ್ಡಿಗೆ ಕಾಯುತ್ತಾ ನಿಂತಿರುತ್ತಾನೆ.

ಮನೆಯಲ್ಲಿ ಬರುವ ಪ್ರಶ್ನೆ ಮೊದಲು ಮುಗಿಸೋಣ. ನಾನು ಕೋರ್ಸ್ ಹೆಸರು ಹೇಳಿದಾಗ ಅಪ್ಪ ಕೇಳಿದ್ದು, "ಮುಗಿದ ಮೇಲೆ ಪಿ.ಟಿ. ಮೇಷ್ಟ್ರು ಆಗಬಹುದಾ?" ಆಗುವುದಿಲ್ಲ. ಆ ಕೆಲಸಕ್ಕೆ ಬಿ.ಪಿ.ಎಡ್. ಥರದ ದೈಹಿಕ ಶಿಕ್ಷಣದ ಓದು ಬೇಕು. ಕೋಚ್ ಆಗುವ ಆಸೆ ಇದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಇದೆ. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಇವೆರಡೂ ಅಲ್ಲ. ಮೈದಾನ ಗೊತ್ತು ಮಾಡುವುದು, ಪ್ರಾಯೋಜಕರನ್ನು ಹಿಡಿಯುವುದು, ಟಿಕೆಟ್ ಮಾರುವುದು, ತಂಡಗಳಿಗೆ ರೂಮು, ಊಟ, ಬಸ್ಸು ಹೊಂದಿಸುವುದು, ಕರಾರು ಪತ್ರ ಓದುವುದು, ಕೊನೆಗೆ ಎಲ್ಲರ ಬಿಲ್ ಚುಕ್ತಾ ಮಾಡುವುದು, ಇದು ಆ ಕೆಲಸ. ನೀವು ಜಿಲ್ಲಾ ಮಟ್ಟದಲ್ಲಿ ಆಡಿದ್ದೀರಿ ಅನ್ನುವುದು ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬರುತ್ತದೆ, ಜಾಸ್ತಿ ಅಲ್ಲ.

ಈಗ ಕಬಡ್ಡಿ ಕಥೆ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಮ್ಮೂರ ಹುಡುಗರೆಲ್ಲ ಸೇರಿ ಹೊನಲು ಬೆಳಕಿನ ಕಬಡ್ಡಿ ಇಟ್ಟೆವು. ಅಡಿಕೆ ದಬ್ಬೆಯ ಗ್ಯಾಲರಿ ಕಟ್ಟಿದೆವು. ಫೋನಲ್ಲಿ 24 ತಂಡ ಬರುತ್ತೇವೆ ಅಂದವು, ನಾವು ಬಾಯಿಮಾತು ನಂಬಿದೆವು, ಒಂದು ರೂಪಾಯಿ ಮುಂಗಡ ಇಸಿದುಕೊಳ್ಳಲಿಲ್ಲ. ಬಂದದ್ದು 15. ತಲಾ ಸಾವಿರದಂತೆ ಪ್ರವೇಶ ಶುಲ್ಕದಲ್ಲೇ ಒಂಬತ್ತು ಸಾವಿರ ಖೋತಾ. ಬಹುಮಾನದ ಮೊತ್ತ ಮಾತ್ರ ಫ್ಲೆಕ್ಸಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿ ಹೋಗಿತ್ತಲ್ಲ, ಅದನ್ನು ಕಡಿಮೆ ಮಾಡುವ ಹಾಗಿಲ್ಲ. ಮತ್ತೆ ಚೀಟಿ ಎತ್ತಿ ಪಟ್ಟಿ ಬರೆಯುವ ಹೊತ್ತಿಗೆ ರಾತ್ರಿ ಒಂಬತ್ತೂವರೆ. ಹತ್ತೂವರೆಗೆ ಪೊಲೀಸರು ಬಂದು ಮೈಕ್ ಆಫ್ ಮಾಡಿಸಿದರು. ತಪ್ಪು ಅವರದ್ದಲ್ಲ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅನ್ನುವ ನಿಯಮ 2000ನೇ ಇಸವಿಯಿಂದಲೂ ಇದೆ. ನಮಗೆ ಗೊತ್ತಿರಲಿಲ್ಲ, ಅಷ್ಟೆ. ಆಮೇಲೆ ಕಾಮೆಂಟ್ರಿ ಬರೀ ಗಂಟಲಲ್ಲಿ.

ಒಂದೂ ಮುಕ್ಕಾಲಿಗೆ, ಎರಡನೇ ಕ್ವಾರ್ಟರ್ ಫೈನಲ್ ನಡೆಯುವಾಗ, ರೈಡರ್ ಬೋನಸ್ ಗೆರೆ ಮೇಲೆ ಕಾಲಿಟ್ಟ ಹೊತ್ತಿಗೆ ಸರಿಯಾಗಿ ಇಡೀ ಮೈದಾನ ಕತ್ತಲು. ಜನರೇಟರಿನಲ್ಲಿ ಡೀಸೆಲ್ ಖಾಲಿ. ಜನ ಮೊಬೈಲ್ ಟಾರ್ಚ್ ಹಾಕಿದರು, ಯಾರೋ ಶಿಳ್ಳೆ ಹೊಡೆದರು, ಒಬ್ಬ ಬೈಕಲ್ಲಿ ಕ್ಯಾನ್ ಹಿಡಿದು ಬಂಕಿನವನನ್ನು ಎಬ್ಬಿಸಲು ಓಡಿದ. ಮುಕ್ಕಾಲು ಗಂಟೆ. ಅವನು ವಾಪಸ್ ಬರುವಾಗ ಅರ್ಧ ಗ್ಯಾಲರಿ ಮನೆಗೆ ಹೋಗಿತ್ತು. ಮುಂದೆ ಕಾಲೇಜಲ್ಲಿ ಒಂದು ಸೆಮಿಸ್ಟರ್ ಪೂರ್ತಿ ರಿಸ್ಕ್ ಮ್ಯಾನೇಜ್‌ಮೆಂಟ್ ಪಾಠ ಮಾಡಿದರು. ನನಗೆ ಆ ಪದ ಕೇಳಿದಾಗೆಲ್ಲ ಕಣ್ಣೆದುರು ಬರುತ್ತಿದ್ದದ್ದು ಆ ನೀಲಿ ಕ್ಯಾನು.

ಹಾಗಾಗಿ ನೀವು ಮಾಡಿಸುವಾಗ ಲೆಕ್ಕ ಮೊದಲೇ ಹಾಕಿ. ನಾಕೌಟ್ (ಸೋತ ತಂಡ ಅಲ್ಲಿಗೇ ಹೊರಗೆ) ಆದರೆ ಎಷ್ಟು ತಂಡವೋ ಅದಕ್ಕೆ ಒಂದು ಕಡಿಮೆ ಪಂದ್ಯ. 24 ತಂಡಕ್ಕೆ 23 ಪಂದ್ಯ. ಅಂಕಣ ಒಂದೇ, ಪಂದ್ಯಕ್ಕೆ ಅರ್ಧ ಗಂಟೆ ಅಂದರೆ ಹನ್ನೊಂದೂವರೆ ಗಂಟೆ. ಸಂಜೆ ಏಳಕ್ಕೆ ಶುರುವಾದರೂ ಮುಗಿಯುವುದು ಬೆಳಿಗ್ಗೆ ಆರೂವರೆಗೆ! ನಾವು ಇಷ್ಟು ಸಣ್ಣ ಲೆಕ್ಕವನ್ನೂ ಹಾಕಿರಲಿಲ್ಲ, ಒಂಬತ್ತು ತಂಡ ಕೈಕೊಟ್ಟದ್ದು ಒಂಥರಾ ಉಪಕಾರವೇ ಆಯಿತು. ಮ್ಯಾಟ್ ತರಿಸುವುದಾದರೆ ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಮೀಟರಿನ ಚೌಕ ತುಂಡುಗಳಾದರೆ 130 ಬೇಕು, ಹೊರಗಿನ ಅಂಚಿಗೆ ಬೇರೆ. ಇಳಿಸುವಾಗಲೂ ಎಣಿಸಿ, ವಾಪಸ್ ಹೇರುವಾಗಲೂ ಎಣಿಸಿ. ಪಂಚಾಯ್ತಿ ಒಪ್ಪಿಗೆ, ಪೊಲೀಸ್ ಅನುಮತಿ, ಮೆಸ್ಕಾಂನ ತಾತ್ಕಾಲಿಕ ಕರೆಂಟ್ ಸಂಪರ್ಕ, ಈ ಮೂರೂ ಕಾಗದ ಒಂದೇ ಫೈಲಲ್ಲಿ ಇರಲಿ.

ಪ್ರಾಯೋಜಕರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ಉದ್ಯಮ ನಿಂತಿರುವುದೇ ಅದರ ಮೇಲೆ. ನಮ್ಮ ಕಡೆ ಅಂಗಡಿಯವರು ಐನೂರೋ ಸಾವಿರವೋ ಕೊಡುವುದು ಮುಲಾಜಿಗೆ. ಹುಡುಗರು ರಶೀದಿ ಹರಿದು ಕೊಟ್ಟು ಹೋದವರು ಮುಂದಿನ ವರ್ಷವೇ ಮುಖ ತೋರಿಸುವುದು. ನೀವು ಹಾಗೆ ಮಾಡಬೇಡಿ. ಪಂದ್ಯಾವಳಿ ಮುಗಿದು ಒಂದು ವಾರದೊಳಗೆ ಅವರ ಅಂಗಡಿಗೆ ಹೋಗಿ ಒಂದು ಹಾಳೆ ಕೊಡಿ. ಅವರ ಹೆಸರಿದ್ದ ಫ್ಲೆಕ್ಸಿನ ಫೋಟೊ (ಹಿಂದೆ ಜನ ಕಾಣಬೇಕು, ಖಾಲಿ ಮೈದಾನದ್ದಲ್ಲ), ಯೂಟ್ಯೂಬ್ ಲೈವ್ ಎಷ್ಟು ಜನ ನೋಡಿದರು, ಕಾಮೆಂಟ್ರಿಯಲ್ಲಿ ಎಷ್ಟು ಸಲ ಹೆಸರು ಹೇಳಿದೆವು. ನಾನು ಮೊದಲ ಸಲ ಹೀಗೆ ಮಾಡಿದಾಗ ಗೊಬ್ಬರದ ಅಂಗಡಿಯ ಯಜಮಾನರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇಷ್ಟು ವರ್ಷದಲ್ಲಿ ಯಾರೂ ಲೆಕ್ಕ ಕೊಟ್ಟಿರಲಿಲ್ಲ ಮಾರಾಯ" ಅಂದರು. ಮರುವರ್ಷ ಮೂರು ಪಟ್ಟು ಕೊಟ್ಟರು. ದೊಡ್ಡ ಲೀಗುಗಳಲ್ಲೂ ಪ್ರಾಯೋಜಕರಿಗೆ ಕೊಡುವ ವರದಿ ಇದೇ, ಬಣ್ಣ ಜಾಸ್ತಿ ಇರುತ್ತದೆ ಅಷ್ಟೆ. ಅಂದ ಹಾಗೆ ಲೈವ್ ಮಾಡುವಾಗ ಬ್ರೇಕಲ್ಲಿ ಸಿನಿಮಾ ಹಾಡು ಹಾಕಬೇಡಿ. ಕಾಪಿರೈಟ್ ತಕರಾರು ಬಂದು ವಿಡಿಯೊನೇ ಹೋಗಬಹುದು.

ಕಬಡ್ಡಿ ಒಂದೇ ಅಲ್ಲ. ಶಿವಮೊಗ್ಗದಲ್ಲಿ ದಸರಾ ಕುಸ್ತಿ ಇದೆ, ಮಳೆಗಾಲದಲ್ಲಿ ಅಲ್ಲಲ್ಲಿ ಕೆಸರುಗದ್ದೆ ಆಟ ಇದೆ, ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಿವೆ. ಶಿವಮೊಗ್ಗದ ನವುಲೆಯಲ್ಲಿರುವ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನದಲ್ಲಿ ರಣಜಿ ನಡೆಯುತ್ತದೆ. 2025ರ ಅಕ್ಟೋಬರಿನಲ್ಲಿ ಗೋವಾ ವಿರುದ್ಧ ಕರುಣ್ ನಾಯರ್ ಔಟಾಗದೆ 174 ಹೊಡೆದದ್ದು ಅಲ್ಲೇ. ಅಂಥ ಪಂದ್ಯ ಬಂದಾಗ ಸುಮ್ನೆ ಗ್ಯಾಲರಿಯಲ್ಲಿ ಕೂತು ಬರಬೇಡಿ. ಮಳೆ ಬಂದಾಗ ಹೊದಿಕೆ ಎಳೆಯಲು ಎಷ್ಟು ಜನ ಓಡಿದರು, ತಂಡಗಳ ಊಟ ಎಷ್ಟು ಹೊತ್ತಿಗೆ ಬಂತು, ಸ್ಕೋರರ್ ಎಲ್ಲಿ ಕೂತಿದ್ದಾನೆ, ಆಂಬುಲೆನ್ಸ್ ಯಾವ ಗೇಟಲ್ಲಿದೆ ನೋಡಿ. ಊರಿನ ಕ್ಲಬ್ಬಿನವರ ಮೂಲಕ ಮೊದಲೇ ಕೇಳಿದರೆ ಏನಾದರೂ ಓಡಾಟದ ಕೆಲಸ ಸಿಗಲೂಬಹುದು. ಕ್ರಿಕೆಟ್ ಹುಚ್ಚಿದ್ದರೆ ಅಂಪೈರ್, ಸ್ಕೋರರ್ ಪರೀಕ್ಷೆ ಕಟ್ಟುವ ದಾರಿಯೂ ಇದೆ. ಅದು ಒಂದು ಪಾಸಾಗಿದ್ದರೆ ಇಂಟರ್ವ್ಯೂನಲ್ಲಿ ಹೇಳಿಕೊಳ್ಳಲು ಗಟ್ಟಿ ವಿಷಯ.

ಇಷ್ಟೆಲ್ಲ ಮಾಡಿಯೂ ಬೇಜಾರು ಬಂದಿಲ್ಲ ಅಂದರೆ ಕೋರ್ಸ್ ಹುಡುಕಿ.

ಪಿಯುಸಿ ಮುಗಿದ ತಕ್ಷಣ ಸೇರಬೇಕಾ, ಡಿಗ್ರಿ ಆದ ಮೇಲಾ? ನನ್ನನ್ನು ಕೇಳಿದರೆ ಡಿಗ್ರಿ ಆದ ಮೇಲೆ. ಇಲ್ಲೇ ಶಿವಮೊಗ್ಗದಲ್ಲೋ ಸಾಗರದಲ್ಲೋ ಬಿ.ಕಾಂ. ಅಥವಾ ಬಿಬಿಎ ಮಾಡಿ, ಮನೆಯಿಂದ ಓಡಾಡಿಕೊಂಡು, ಮೂರು ವರ್ಷದ ಶನಿವಾರ ಭಾನುವಾರಗಳನ್ನು ಪಂದ್ಯಾವಳಿಗೆ ಕೊಡಿ. ಆಮೇಲೆ ಎಂಬಿಎ ಅಥವಾ ಪಿಜಿ ಡಿಪ್ಲೊಮಾ. ಈ ಉದ್ಯಮದಲ್ಲಿ ಕೆಲಸಗಳು ಕಡಿಮೆ, ನಿಂತು ಹೋದರೆ ಬಿ.ಕಾಂ. ಕೈಹಿಡಿಯುತ್ತದೆ. ಸ್ಪೋರ್ಟ್ಸ್ ಬಿಬಿಎ ಒಂದನ್ನೇ ನಂಬಿದವರಿಗೆ ಆಗ ಕಷ್ಟ. ಇದನ್ನು ಒಪ್ಪದ ನನ್ನ ಸಹಪಾಠಿಗಳೂ ಇದ್ದಾರೆ, ಬೇಗ ಸೇರಿದರೆ ಬೇಗ ಪರಿಚಯವಾಗುತ್ತದೆ ಅನ್ನುವುದು ಅವರ ವಾದ. ಮುಂಬೈಯಲ್ಲೋ ಬೆಂಗಳೂರಲ್ಲೋ ಮನೆ ಇದ್ದವರಿಗೆ ಅದು ಸರಿ.

ಹೆಸರುಗಳು ಬೇಕಲ್ವಾ. ಕೋಲ್ಕತ್ತದ ಐಐಎಸ್‌ಡಬ್ಲ್ಯುಬಿಎಂ, ಗ್ವಾಲಿಯರಿನ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಸಂಸ್ಥೆ, ಪುಣೆಯ ಸಿಂಬಯಾಸಿಸ್, ಮಾಜಿ ಕ್ರಿಕೆಟಿಗ ನೀಲೇಶ್ ಕುಲಕರ್ಣಿ 2010ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಐಐಎಸ್‌ಎಂ, ಕೆಲಸದಲ್ಲಿದ್ದುಕೊಂಡು ಓದುವವರಿಗೆ ಐಐಎಂ ರೋಹ್ಟಕ್. ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಇದೆ. ಫೀಸು, ಪ್ರವೇಶ ಪರೀಕ್ಷೆ ವರ್ಷ ವರ್ಷ ಬದಲಾಗುತ್ತವೆ, ಅವರವರ ಪ್ರಕಟಣೆಯಲ್ಲೇ ನೋಡಿ.

ಯಾವುದೇ ಇರಲಿ, ಸರ್ಟಿಫಿಕೇಟ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ ಅಂತ ಮೊದಲು ಕೇಳಿ. ಆ ಹೆಸರು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿದೆಯಾ ನೋಡಿ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿಯೇ ಹಾಕುತ್ತದೆ. ಪಿಜಿಡಿಎಂ, ಅಂದರೆ ಮ್ಯಾನೇಜ್‌ಮೆಂಟ್ ಪಿಜಿ ಡಿಪ್ಲೊಮಾ ಆದರೆ, ಎಐಸಿಟಿಇ (ತಾಂತ್ರಿಕ, ಮ್ಯಾನೇಜ್‌ಮೆಂಟ್ ಕೋರ್ಸುಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಒಪ್ಪಿಗೆ ಇದೆಯಾ ಕೇಳಿ. 2024–25ರಿಂದ ಬಿಬಿಎ ಕೂಡ ಎಐಸಿಟಿಇ ಅಡಿಗೆ ಬಂದಿದೆ. ಆರು ತಿಂಗಳ ಸರ್ಟಿಫಿಕೇಟಿಗೆ ಡಿಗ್ರಿ ಫೀಸು ಕೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಆಮೇಲೆ ಇಂಟರ್ನ್‌ಶಿಪ್. ಇದನ್ನು ನಾನು ಸರಿಯಾಗಿ ಕೇಳದೆ ಮೋಸ ಹೋದವನು. ನನ್ನ ಸಂಸ್ಥೆಯ ಪುಸ್ತಿಕೆ ತುಂಬ ದೊಡ್ಡ ಲೀಗುಗಳ ಲೋಗೊ. ನನಗೆ ಸಿಕ್ಕಿದ್ದು ಒಂದು ಲೀಗಿನ ಎರಡು ದಿನ, ಗೇಟ್ ನಂಬರ್ ಮೂರರಲ್ಲಿ ನಿಂತು ಜನರ ಕೈಗೆ ಪಟ್ಟಿ ಕಟ್ಟುವ ಕೆಲಸ. ಊಟದ ಪೊಟ್ಟಣ ಒಂದು, ಸಂಬಳ ಸೊನ್ನೆ. ಅದಕ್ಕೇ ಹೇಳುತ್ತೇನೆ, ಹೀಗೆ ಕೇಳಿ: ಕಳೆದ ವರ್ಷದ ಬ್ಯಾಚಿನಲ್ಲಿ ಎಷ್ಟು ಜನ, ಯಾರು ಎಲ್ಲಿ ಎಷ್ಟು ವಾರ ಕೆಲಸ ಮಾಡಿದರು, ದುಡ್ಡು ಕೊಟ್ಟರಾ, ಉಳಿಯುವ ಖರ್ಚು ಯಾರದ್ದು. ಇಬ್ಬರು ಸೀನಿಯರ್‌ಗಳ ನಂಬರ್ ಕೊಡಿ ಅನ್ನಿ. ಕಾಲೇಜಿನವರು ಕೊಟ್ಟ ಇಬ್ಬರಲ್ಲದೆ ಲಿಂಕ್ಡ್‌ಇನ್‌ನಲ್ಲಿ ನೀವೇ ಇನ್ನಿಬ್ಬರನ್ನು ಹುಡುಕಿ ಮಾತಾಡಿ, ನಿಜ ಸಿಗುವುದು ಅಲ್ಲಿ.

ಆದರೆ ಆ ಗೇಟ್ ನಂಬರ್ ಮೂರನ್ನು ಪೂರ್ತಿ ಬಯ್ಯುವ ಹಾಗೂ ಇಲ್ಲ. ಎರಡನೇ ದಿನ ಪಾಸ್ ಇಲ್ಲದ ಒಂದು ದೊಡ್ಡ ಗುಂಪು ನುಗ್ಗಿದಾಗ, ನಮ್ಮೂರ ಗ್ಯಾಲರಿ ಅಭ್ಯಾಸದಲ್ಲಿ ನಾನು ಸಾಲು ಎರಡು ಮಾಡಿ ಹೆಂಗಸರು ಮಕ್ಕಳನ್ನು ಪಕ್ಕದಿಂದ ಬಿಟ್ಟೆ. ಗೇಟಿನ ಮೇಲ್ವಿಚಾರಕರು ನೋಡಿದ್ದರು. ಸಂಜೆ ನಂಬರ್ ಇಸಿದುಕೊಂಡರು. ಮೂರು ತಿಂಗಳ ಮೇಲೆ ಒಂದು ಓಟದ ಕಾರ್ಯಕ್ರಮಕ್ಕೆ ಕರೆದರು, ಅದು ನನ್ನ ಮೊದಲ ಸಂಬಳದ ಕೆಲಸ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಬೆಂಗಳೂರಿಗೆ ಹೋಗಲೇಬೇಕಾ? ಒಂದು ಹಂತದಲ್ಲಿ ಹೌದು. ಫುಟ್‌ಬಾಲಿನ ಬೆಂಗಳೂರು ಎಫ್‌ಸಿ, ಕಬಡ್ಡಿಯ ಬೆಂಗಳೂರು ಬುಲ್ಸ್, ಟಿಸಿಎಸ್ ವರ್ಲ್ಡ್ 10ಕೆ ಓಟ, ಕಂಠೀರವ ಕ್ರೀಡಾಂಗಣ, ಪಡುಕೋಣೆ–ದ್ರಾವಿಡ್ ಕ್ರೀಡಾ ತರಬೇತಿ ಕೇಂದ್ರ ಎಲ್ಲ ಇರುವುದು ಅಲ್ಲಿ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದದ್ದೂ ಅಲ್ಲೇ. ಸ್ವಯಂಸೇವಕರಾಗಿ ಅರ್ಜಿ ಹಾಕಿ, ಹಿಂದಿನ ರಾತ್ರಿಯೇ ಹೋಗಿ ಗೆಳೆಯರ ರೂಮಲ್ಲಿ ಮಲಗಿ. ಮೇಲ್ ಬರೆಯುವಾಗ "ನನಗೆ ಕ್ರೀಡೆಯಲ್ಲಿ ಅಪಾರ ಆಸಕ್ತಿ" ಅಂತ ಶುರು ಮಾಡಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. 15 ತಂಡಗಳ ಕಬಡ್ಡಿ ನಡೆಸಿದ್ದೇನೆ, ಇಷ್ಟು ದುಡ್ಡು ಎತ್ತಿದೆ, ಇಷ್ಟು ನಷ್ಟವಾಯಿತು, ಕಾರಣ ಇದು ಅಂತ ಐದು ಸಾಲು ಬರೆದು ಖರ್ಚಿನ ಹಾಳೆ ಲಗತ್ತಿಸಿ. ನಷ್ಟ ಬರೆಯಲು ನಾಚಿಕೆ ಬೇಡ. ನನ್ನನ್ನು ಇಂಟರ್ವ್ಯೂ ಮಾಡಿದವರು ಕೇಳಿದ್ದೆಲ್ಲ ಡೀಸೆಲ್ ಬಗ್ಗೆಯೇ.

ಸಂಬಳದ ಬಗ್ಗೆ ಸುಳ್ಳು ಹೇಳುವುದಿಲ್ಲ. ಮೊದಲ ಎರಡು ಮೂರು ವರ್ಷ ಸಾಫ್ಟ್‌ವೇರ್ ಗೆಳೆಯರ ಎದುರು ಮಾತು ಬದಲಿಸುವಷ್ಟು ಕಡಿಮೆ. ಶನಿವಾರ, ಭಾನುವಾರ, ಹಬ್ಬ ಇಲ್ಲ, ಜನಕ್ಕೆ ರಜೆ ಇದ್ದ ದಿನವೇ ನಮಗೆ ಕೆಲಸ. ದುಡ್ಡಿನ ಮೂಲವೂ ಒಮ್ಮೊಮ್ಮೆ ರಾತ್ರೋರಾತ್ರಿ ಬತ್ತುತ್ತದೆ. 2025ರ ಆಗಸ್ಟಿನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕಾನೂನು ನಿಷೇಧಿಸಿದಾಗ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿಂದ ಅಂಥ ಆಟದ ಕಂಪನಿ ಡ್ರೀಮ್11 ಹೆಸರೇ ಹೋಯಿತು. ಸಣ್ಣಪುಟ್ಟ ಲೀಗುಗಳಿಗೂ ಅದರ ಬಿಸಿ ತಟ್ಟಿತು. ಇನ್ನೊಂದು ಕಡೆ ಅದೇ ತಿಂಗಳು ಕ್ರೀಡಾ ಸಂಘಗಳ ಆಡಳಿತಕ್ಕೆ ಕಟ್ಟುಪಾಡು ಹಾಕುವ ರಾಷ್ಟ್ರೀಯ ಕ್ರೀಡಾ ಆಡಳಿತದ ಕಾಯ್ದೆ ಬಂತು, 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ. ಲೆಕ್ಕಪತ್ರ ಸರಿ ಇಡುವ ಹುಡುಗ ಹುಡುಗಿಯರು ಆ ಹೊತ್ತಿಗೆ ಬೇಕಾಗುತ್ತಾರೆ ಅನ್ನುವುದು ನನ್ನ ಅಂದಾಜು.

ಸಾಲ ಮಾಡಿ ಸೇರುವುದಾದರೆ ಕಂತು ಎಷ್ಟು ಬರುತ್ತದೆ ಅಂತ ಬ್ಯಾಂಕಿನಲ್ಲಿ ಬರೆಸಿಕೊಂಡು ಬಂದು, ಆ ಹಾಳೆ ಮುಂದಿಟ್ಟುಕೊಂಡು ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ. ತೋಟದ ಆದಾಯ ನಂಬಿ ಸಾಲ ಎತ್ತಬೇಡಿ, ಕೊಳೆರೋಗ ಬಂದ ವರ್ಷ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟು ಓದಿಯೂ ಆಸೆ ಹಾಗೇ ಇದ್ದರೆ, ನಮ್ಮೂರ ಕಬಡ್ಡಿ ಈ ಸಲವೂ ಕೊಯ್ಲು ಮುಗಿದ ಮೇಲೆ ಶನಿವಾರ ಇಡುತ್ತೇವೆ. ಶನಿವಾರ ಬರಬೇಡಿ, ಶುಕ್ರವಾರ ಸಂಜೆ ಬನ್ನಿ. 130 ತುಂಡು ಮ್ಯಾಟ್ ಇಳಿಸಬೇಕು, ಕೈ ಸಾಲುವುದಿಲ್ಲ. ಊಟ ನಮ್ಮದು.