ದಾಲ್ಚಿನ್ನಿ ಬೀಜ ಬಾಟಲಿಯಲ್ಲಿ ತುಂಬಿಡಬೇಡಿ

ದಾಲ್ಚಿನ್ನಿ ಬೀಜವನ್ನು ಬಿಸಿಲಲ್ಲಿ ಗರಿಗರಿ ಒಣಗಿಸಿ, ಬಾಟಲಿಗೆ ತುಂಬಿ, ಫ್ರಿಜ್ಜಿನಲ್ಲಿಟ್ಟು, ಯುಗಾದಿ ಕಳೆದ ಮೇಲೆ ಬಿತ್ತಿ, "ಒಂದೂ ಹುಟ್ಟಲಿಲ್ಲ" ಎಂದು ಫೋನ್ ಮಾಡುವವರಿಗೆ ಏನು ಹೇಳುವುದು? ಬೂದಿ ಸವರಿ ಮುಂದಿನ ವರ್ಷಕ್ಕೆ ಎತ್ತಿಡಲು ಅದೇನು ಅವರೆ ಬೀಜವೇ? ಹಣ್ಣಿನಿಂದ ಹೊರಗೆ ಬಂದ ದಾಲ್ಚಿನ್ನಿ ಬೀಜದ ಆಯುಷ್ಯ ಕೆಲವೇ ವಾರ. ಒಂದೂವರೆ ತಿಂಗಳಾದರೆ ಹೆಚ್ಚುಕಮ್ಮಿ ಎಲ್ಲವೂ ಸತ್ತಿರುತ್ತವೆ. ಒಣಗಿದಷ್ಟೂ ಬೇಗ ಸಾಯುತ್ತವೆ. ಆನ್‌ಲೈನ್‌ನಲ್ಲಿ ತರಿಸುವ ಒಣ ಬೀಜದ ಪೊಟ್ಟಣದ್ದೂ ಇದೇ ಹಣೆಬರಹ. ಸುಮ್ನೆ ದುಡ್ಡು ದಂಡ.

ನಮ್ಮ ಸಿರ್ಸಿ ಕಡೆ ಹಣ್ಣಾಗುವುದೇ ಮಳೆಗಾಲದಲ್ಲಿ, ಜೂನ್‌ನಿಂದ ಆಗಸ್ಟ್ ಒಳಗೆ. ಕಪ್ಪು ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ಮಾತ್ರ ಕೊಯ್ಯಿರಿ. ಹಸಿರು ಕಾಯಿ ಕಿತ್ತು ತಂದು ಮನೆಯಲ್ಲಿ ಹಣ್ಣು ಮಾಡುತ್ತೇನೆ ಅನ್ನಬೇಡಿ. ಪಿಕಳಾರ ಹಕ್ಕಿಗಳು ನಿಮಗಿಂತ ಮೊದಲು ಮರಕ್ಕೆ ಬಂದಿರುತ್ತವೆ, ಹಾಗಾಗಿ ಬೇಕಾದಷ್ಟು ಗೊಂಚಲಿಗೆ ಹಳೆ ಸೊಳ್ಳೆಪರದೆಯ ತುಂಡು ಸುತ್ತಿಡಿ. ಕೊಯ್ದ ಹಣ್ಣನ್ನು ನೆರಳಲ್ಲಿ ಎರಡು ಮೂರು ದಿನ ರಾಶಿ ಹಾಕಿದರೆ ತಿರುಳು ಮೆತ್ತಗಾಗುತ್ತದೆ. ಒಂದು ಹಿಡಿ ಮರಳು ಸೇರಿಸಿ ತಿಕ್ಕಿ ತೊಳೆಯಿರಿ. ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಹಾಳೆಯ ಮೇಲೆ ಹರವಿ, ನೀರಾರಿದ ಕೂಡಲೇ ಬಿತ್ತಿ. ಮರಳು ಮತ್ತು ಮಣ್ಣು ಸಮಸಮ, ಹಳೆಯ ಸಗಣಿ ಗೊಬ್ಬರ ಸ್ವಲ್ಪ. ಗೊಬ್ಬರ ಜಾಸ್ತಿಯಾದರೆ ಮೊಳಕೆ ಕೊಳೆಯುತ್ತದೆ. ಎರಡು ಮೂರು ವಾರದಲ್ಲಿ ಹುಟ್ಟುತ್ತವೆ. ಎಳೆ ಎಲೆ ಕೆಂಪಗಿದೆ ಎಂದು ಗಾಬರಿಯಾಗಿ ಔಷಧಿ ಹೊಡೆಯುವವರನ್ನೂ ನೋಡಿದ್ದೇನೆ. ದಾಲ್ಚಿನ್ನಿ ಚಿಗುರು ಕೆಂಪಾಗಿಯೇ ಬರುವುದು, ಬಲಿತ ಮೇಲೆ ತಾನಾಗಿ ಹಸಿರಾಗುತ್ತದೆ.

ಸಸಿ ಗೇಣುದ್ದ ಆಗುವ ತನಕ ಪಾತಿಯಲ್ಲಿರಲಿ, ಆಮೇಲೆ ಕೊಟ್ಟೆಗೆ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಹಾಲಿನ ಪ್ಯಾಕೆಟ್ ಸಾಕು, ಎರಡೋ ಮೂರೋ ತೂತು ಮಾಡಿದರಾಯಿತು.

ಬೀಜದ ಸಸಿಯಲ್ಲಿ ಒಂದು ತೊಡಕಿದೆ. ತಾಯಿಮರದ ಗುಣ ಎಲ್ಲ ಸಸಿಗೂ ಬರುವುದಿಲ್ಲ. ಹೂವಿಗೆ ಅಕ್ಕಪಕ್ಕದ ಮರದ ಪರಾಗ ತಗಲಿರುತ್ತದೆ, ಬೆಟ್ಟದ ಕಾಡು ದಾಲ್ಚಿನ್ನಿ ಹತ್ತಿರದಲ್ಲಿದ್ದರೆ ಹಕ್ಕಿ ಬಿತ್ತಿದ ಅದರ ಸಸಿಯೂ ತೋಟದಲ್ಲೇ ಎದ್ದಿರುತ್ತದೆ. ಎರಡಕ್ಕೂ ಎಲೆಯ ಬುಡದಿಂದ ಮೂರು ನರ ಇರುವುದರಿಂದ ಬರೀ ಎಲೆ ನೋಡಿ ಹೇಳುವುದು ಕಷ್ಟ. ಎಲೆ ಹಿಸುಕಿ ಮೂಸಿ, "ಇದು ಲವಂಗದ ವಾಸನೆ, ದಾಲ್ಚಿನ್ನಿ ಅಲ್ಲ" ಎಂದು ಒಳ್ಳೆಯ ಮರವನ್ನೇ ಕಡಿಸಿದವರಿದ್ದಾರೆ! ದಾಲ್ಚಿನ್ನಿ ಎಲೆಯಲ್ಲಿರುವುದು ಲವಂಗದಲ್ಲಿರುವ ಯೂಜಿನಾಲ್ ಎಣ್ಣೆಯೇ, ಮತ್ತೆ ಲವಂಗದ ವಾಸನೆ ಬಾರದೆ ಏನು ಬರುತ್ತದೆ? ನೋಡಬೇಕಾದ್ದು ತೊಗಟೆಯನ್ನು. ಎಳೆ ಕೊಂಬೆಯ ಸಿಪ್ಪೆ ಚೂರು ಕೆತ್ತಿ ಅಗಿಯಿರಿ. ಮೊದಲು ಸಿಹಿ, ಆಮೇಲೆ ಖಾರ ನಾಲಗೆಗೆ ಹತ್ತಬೇಕು. ಬರೀ ಲೋಳೆ ಲೋಳೆ ಇದ್ದರೆ ಆ ಮರ ಬಿಟ್ಟುಬಿಡಿ.

ಸಿಹಿಖಾರದ ಒಂದು ಮರ ಸಿಕ್ಕಿತೋ, ಅದಕ್ಕೆ ಗೂಟಿ ಕಟ್ಟಿ, ಅಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ. ಗೂಟಿಯಲ್ಲಿ ಬಂದ ಗಿಡ ತಾಯಿಯದ್ದೇ ಗುಣದ್ದು. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿಯುತ್ತಿದ್ದ ಹಾಗೆ ನಮ್ಮ ಅತ್ತೆ ಕತ್ತಿ ಮಸೆದುಕೊಂಡು, ಬಾಳೆಪಟ್ಟೆ ನೆನೆಹಾಕಿ ಹೊರಡುತ್ತಿದ್ದರು. ಆಗ ಪ್ಲಾಸ್ಟಿಕ್ ಎಲ್ಲಿತ್ತು? ಮಣ್ಣು ಸಗಣಿಯ ಉಂಡೆಗೆ ಅಡಿಕೆ ಹಾಳೆ ಸುತ್ತಿ ಬಾಳೆನಾರಿನಲ್ಲಿ ಬಿಗಿಯುವುದು. ಪಕ್ಕದಲ್ಲಿ ನಿಂತು ನಾರು ಕೊಡುವುದು ನನ್ನ ಕೆಲಸ. ಮಾತಾಡಿದರೆ ಬೈಗುಳ.

ಪೆನ್ಸಿಲ್ ದಪ್ಪದ, ಪೂರ್ತಿ ಎಳೆಯದೂ ಅಲ್ಲದ ಪೂರ್ತಿ ಬಲಿತದ್ದೂ ಅಲ್ಲದ, ನೆಟ್ಟಗೆ ಮೇಲೆ ಹೋದ ಕೊಂಬೆ ಆರಿಸಿ. ಬೆರಳಗಲದ ತೊಗಟೆಯನ್ನು ಬಳೆಯ ಹಾಗೆ ಸುತ್ತಲೂ ತೆಗೆಯಿರಿ. ಮಳೆಗಾಲದಲ್ಲಿ ಅದು ಸಲೀಸಾಗಿ ಜಾರಿ ಬರುತ್ತದೆ. ಇಲ್ಲಿಗೆ ಕೆಲಸ ಮುಗಿಯಿತೆಂದು ತೆಂಗಿನ ನಾರಿನ ಪುಡಿ ಮೆತ್ತಿ ಕಟ್ಟುತ್ತಾರಲ್ಲ, ಅಲ್ಲೇ ಕೆಡುವುದು. ತೊಗಟೆ ತೆಗೆದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ. ಒಂದು ಲೋಳೆಪದರ ಇದೆ, ಬೆರಳು ಜಾರುತ್ತದೆ. ಅದನ್ನು ಹಾಗೇ ಬಿಟ್ಟರೆ ಮೇಲಿನ ತೊಗಟೆಯೂ ಕೆಳಗಿನ ತೊಗಟೆಯೂ ಮತ್ತೆ ಸೇರಿಕೊಳ್ಳುತ್ತವೆ. ಎರಡು ತಿಂಗಳ ಮೇಲೆ ಬಿಚ್ಚಿದರೆ ಬೇರಿನ ಬದಲು ಗಂಟು ಸಿಗುತ್ತದೆ. ಕತ್ತಿಯ ಬೆನ್ನಿನಿಂದ ಸುತ್ತಲೂ ಕೆರೆಯಿರಿ, ಮೇಲಿಂದ ಕೆಳಕ್ಕೆ, ಕಟ್ಟಿಗೆಗೆ ಗಾಯವಾಗದ ಹಾಗೆ. ಮಾಸಿದ ಹತ್ತಿ ಪಂಚೆಯ ಚೂರಿನಿಂದ ಗಟ್ಟಿಯಾಗಿ ಒರೆಸಿ. ನೈಲಾನ್ ಬಟ್ಟೆ ಬೇಡ, ಅದು ಲೋಳೆ ಹೀರುವುದಿಲ್ಲ. ಮತ್ತೆ ಬೆರಳಿಟ್ಟು ನೋಡಿ. ಇನ್ನೂ ಜಾರಿದರೆ ಇನ್ನೊಮ್ಮೆ. ಉಗುರು ಎಳೆದರೆ ಒರಟಾಗಿ ಚರ್ ಅನ್ನಬೇಕು. ಆಮೇಲೆ ಮೇಲೊಂದು ಎಲೆ ಮರೆಮಾಡಿ ಒಂದು ದಿನ ಹಾಗೇ ಬಿಟ್ಟು, ಮರುದಿನ ಇನ್ನೊಂದು ಸಲ ಒರೆಸಿ ಕಟ್ಟುತ್ತೇನೆ ನಾನು. ಒಂದು ದಿನ ಕಾಯುವುದಕ್ಕೂ ಈಗಿನವರಿಗೆ ಪುರುಸೊತ್ತಿಲ್ಲ, ಬೇರು ಬರಲಿಲ್ಲ ಎಂದು ಅಳುವುದಕ್ಕೆ ಬೇಕಾದಷ್ಟಿದೆ.

ನಾರಿನ ಪುಡಿಯನ್ನು ಕಂದು ನೀರು ಬಿಡುವುದು ನಿಲ್ಲುವ ತನಕ ತೊಳೆಯಿರಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಅಷ್ಟೇ ಪಸೆ. ಬೇರು ಹೊರಡುವುದು ಗಾಯದ ಮೇಲಿನ ಅಂಚಿನಿಂದ, ಎಲೆ ತಯಾರಿಸಿದ ಆಹಾರ ತೊಗಟೆಯಲ್ಲಿ ಕೆಳಗಿಳಿದು ಬಂದು ಅಲ್ಲೇ ತಡೆದು ನಿಲ್ಲುವುದರಿಂದ. ಆದ್ದರಿಂದ ಉಂಡೆಯ ಹೆಚ್ಚಿನ ಭಾಗ ಮೇಲಿನ ಅಂಚನ್ನು ಮುಚ್ಚಲಿ. ಬೇರು ಬರಿಸುವ ಪುಡಿ ಹಚ್ಚುವುದಾದರೆ ಅದೂ ಅಲ್ಲಿಗೇ, ಚಿಟಿಕೆಯಷ್ಟು. ಒಳಗೆ ಕಾಣುವಂಥ ಬಿಳಿ ಪ್ಲಾಸ್ಟಿಕ್ ಸುತ್ತಿ, ಮೇಲ್ಗಡೆಯ ಕಟ್ಟು ಬಿಗಿಯಾಗಿರಲಿ. ಇಲ್ಲದಿದ್ದರೆ ಕೊಂಬೆಗುಂಟ ಇಳಿದ ಮಳೆನೀರು ಒಳಗೆ ನಿಂತು ಕೊಳೆಸುತ್ತದೆ.

40ರಿಂದ 60 ದಿನ ಬೇಕು. ಆರಿದ್ರಾದಲ್ಲಿ ಕಟ್ಟಿದ್ದಕ್ಕೆ ಆಗಸ್ಟ್ ಕೊನೆಯ ಮಘೆ ಮಳೆಯ ಹೊತ್ತಿಗೆ ಬೇರು ಕಾಣುತ್ತದೆ. ಬಿಳಿ ಬೇರು ಕಂಡ ದಿನವೇ ಕೊಯ್ಯಬೇಡಿ. ಅದು ಕಂದು ತಿರುಗಿ ಕವಲೊಡೆಯಲಿ. ಮೊದಲು ಅರ್ಧ ಕಚ್ಚು ಹಾಕಿ, ವಾರ ಬಿಟ್ಟು ಪೂರ್ತಿ ಕೊಯ್ಯಿರಿ. ಅರ್ಧ ಎಲೆ ತೆಗೆದು, ಉಂಡೆ ಒಡೆಯದ ಹಾಗೆ ಕೊಟ್ಟೆಗೆ ಕೂರಿಸಿ ನೆರಳಲ್ಲಿಡಿ. ಹೊಸ ಚಿಗುರು ಬಂದು ಹಸಿರಾಗುವ ತನಕ ಜಾಗ ಬದಲಿಸಬೇಡಿ.

ಎರಡು ಎಲೆಯ ಬೆರಳುದ್ದದ ಕಡ್ಡಿಯನ್ನು ಮರಳಲ್ಲಿ ಊರಿಯೂ ಗಿಡ ಮಾಡಬಹುದು. ಆದರೆ ಗಾಳಿಯಲ್ಲಿ ಸದಾ ತೇವ ಬೇಕು. ಬೆಂಗಳೂರಿನ ತಾರಸಿಯಲ್ಲಿ ಮಾಡುವವರು ಮೇಲೆ ಪ್ಲಾಸ್ಟಿಕ್ ಮುಚ್ಚಿ ಬಿಸಿಲು ತಾಗದ ಕಡೆ ಇಡಿ. ಅಷ್ಟೆಲ್ಲ ತಾಪತ್ರಯ ಬೇಡವೆಂದರೆ ಒಳ್ಳೆಯ ನರ್ಸರಿಯಿಂದ, ಕಲ್ಲಿಕೋಟೆಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಆರಿಸಿ ಕೊಟ್ಟ ನವಶ್ರೀ ಅಥವಾ ನಿತ್ಯಶ್ರೀ ತಳಿಯ ಗಿಡ ತನ್ನಿ.

ನೆಡುವುದು ನೀರು ನಿಲ್ಲದ ಜಾಗದಲ್ಲಿ. ಎರಡು ಮೂರು ವರ್ಷವಾದ ಮೇಲೆ ನೆಲದಿಂದ ಗೇಣಿಗಿಂತ ಕೆಳಗೆ ಧೈರ್ಯವಾಗಿ ಕಡಿದು ಬುಡಕ್ಕೆ ಮಣ್ಣು ಏರಿಸಿ. ಮರವಾಗಲಿ ಎಂದು ಹಾಗೇ ಬೆಳೆಸಿದರೆ ತೊಗಟೆ ಒರಟು ಹಲಗೆಯಾಗುತ್ತದೆ, ಸುಲಿಯಲು ಬಾರದು. ಕಡಿದ ಬುಡದಿಂದ ಎದ್ದ ಚಿಗುರಿನಲ್ಲಿ ನಾಲ್ಕೈದು ನೆಟ್ಟಗಿನವನ್ನು ಬಿಟ್ಟು ಉಳಿದದ್ದು ಸವರಿ. ಹೆಬ್ಬೆರಳು ದಪ್ಪವಾದಾಗ, ಮಳೆ ಹಿಂದೆ ಸರಿದ ಮೇಲೆ, ಕೆಂಪು ಚಿಗುರು ಹಸಿರಾದ ಹೊತ್ತಿಗೆ ಕತ್ತಿಮೊನೆ ಹಾಕಿ ನೋಡಿ, ತೊಗಟೆ ಬಿಟ್ಟುಕೊಟ್ಟರೆ ಸುಲಿಯಬಹುದು. ಅವುಗಳಲ್ಲಿ ಒಂದನ್ನು ಮಾತ್ರ ಪೆನ್ಸಿಲ್ ದಪ್ಪ ಇದ್ದಾಗಲೇ ಮುಂದಿನ ಗೂಟಿಗೆ ಎಂದು ಗುರುತು ಕಟ್ಟಿಡಿ, ಕೆಲಸದವರು ಸೊಪ್ಪಿನ ಜೊತೆ ಕೊಚ್ಚಿಬಿಡದ ಹಾಗೆ.