ಒಲೆ ಹಚ್ಚುವ ಮೊದಲಿನ ಕೆಲಸ

ಬೆಂಗಳೂರಿನಿಂದ ಬಂದ ನನ್ನ ಸೊಸೆ ನಮ್ಮ ಮನೆಯ ಮೊದಲ ಮಳೆಗಾಲದಲ್ಲೇ ಒಮ್ಮೆ ಕಿರುಚಿದ್ದಳು. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋದರೆ ಬಕೆಟಿನಿಂದ ನರ್ತೆಗಳು ಹತ್ತಿ ಬಂದು ಗೋಡೆ ತುಂಬ ಹರಡಿದ್ದವು. ತಪ್ಪು ನನ್ನದೇ. ರಾತ್ರಿ ಬಕೆಟಿಗೆ ಮುಚ್ಚಳ ಇಟ್ಟಿದ್ದೆ, ಅದರ ಮೇಲೆ ಕಲ್ಲು ಇಡುವುದು ಮರೆತಿತ್ತು. ಹಾಗಾಗಿ ಮೊದಲ ಸಲಹೆ ಅದೇ: ನರ್ತೆ ನೆನೆಸಿದ ಪಾತ್ರೆಯ ಮುಚ್ಚಳದ ಮೇಲೆ ಭಾರ ಇಡಿ.

ನರ್ತೆ ಅಂದರೆ ಗದ್ದೆಯ, ತೋಡಿನ ನೀರಿನ ಬಸವನಹುಳು. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕಡಲಿಗೆ ದೋಣಿ ಇಳಿಯುವುದಿಲ್ಲ, ಮೀನು ಇಲ್ಲ. ಆಗ ನಮ್ಮ ತುಳುನಾಡಿನ ಮನೆಗಳಿಗೆ ಗದ್ದೆಯೇ ಮಾರ್ಕೆಟು. ನರ್ತೆ, ಡೆಂಜಿ (ಏಡಿ), ಕಣಿಲೆ, ಕೆಸು, ತಜಂಕ್ ಸೊಪ್ಪು, ಎಲ್ಲ ಅಲ್ಲಿಂದಲೇ. ಇವನ್ನೆಲ್ಲ ಈಗಿನವರು ವಿಚಿತ್ರ ಆಹಾರ ಅನ್ನುತ್ತಾರೆ. ಅನ್ನಲಿ. ಆದರೆ ಮಾಡುವ ಕ್ರಮ ಗೊತ್ತಿಲ್ಲದೆ ಮಾಡಬೇಡಿ. ಇಂಥ ಅಡುಗೆಗಳಲ್ಲಿ ಮಸಾಲೆ ಯಾರೂ ಅರೆಯಬಹುದು, ಕಷ್ಟ ಇರುವುದೆಲ್ಲ ಒಲೆ ಹಚ್ಚುವ ಮೊದಲಿನ ಕೆಲಸದಲ್ಲಿ.

ನರ್ತೆಯನ್ನು ಒಂದು ರಾತ್ರಿ ಪೂರ್ತಿ ಒಳ್ಳೆ ನೀರಿನಲ್ಲಿ ಬಿಡಬೇಕು. ನಡುವೆ ಎರಡು ಮೂರು ಸಲ ನೀರು ಬದಲಿಸಬೇಕು. ಹೊಟ್ಟೆಯ ಕೆಸರೆಲ್ಲ ಆಗ ಹೊರಗೆ ಬರುತ್ತದೆ. ಮರುದಿನ ಉಪ್ಪು ಹಾಕಿ ತಿಕ್ಕಿ ತೊಳೆದು, ಚಿಪ್ಪಿನ ಚೂಪಾದ ತುದಿಯನ್ನು ಸ್ವಲ್ಪ ಒಡೆಯಬೇಕು. ಹಾಗೆ ಮಾಡಿದರೆ ಮಸಾಲೆ ಒಳಗೆ ಹೋಗುತ್ತದೆ, ತಿನ್ನುವಾಗ ಬಾಯಿಟ್ಟು ಎಳೆದರೆ ಮಾಂಸ ಹೊರಗೆ ಬರುತ್ತದೆ. ಚಿಪ್ಪಿನ ಬಾಯಿಯ ಹತ್ತಿರ ಒಂದು ಗಟ್ಟಿ ಬಿಲ್ಲೆ ಇರುತ್ತದೆ, ಅದನ್ನು ತಿನ್ನಬಾರದು. ಮಸಾಲೆಗೆ ಹಾಕುವ ಮೊದಲು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ. ಹಸಿಬಿಸಿ ನರ್ತೆಯಲ್ಲಿ ಹುಳದ ಭಯ ಉಂಟು, ಗದ್ದೆ ಡೆಂಜಿಯಲ್ಲೂ ಉಂಟು. ಕಳೆನಾಶಕ ಹೊಡೆದ ಗದ್ದೆಯದ್ದು ಬೇಡ. ತೋಟದಲ್ಲಿ ಹರಿದಾಡುವ ದೊಡ್ಡ ಆಫ್ರಿಕನ್ ಬಸವನಹುಳು ಅಂತೂ ಬೇಡವೇ ಬೇಡ, ಅದಕ್ಕೆ ಜನ ವಿಷದ ಗುಳಿಗೆ ಹಾಕಿರುತ್ತಾರೆ.

ನಾನು ಮದುವೆಯಾಗಿ ಬಂದದ್ದು ಕಲ್ಯಾಣಪುರದ ಹತ್ತಿರ, ಸ್ವರ್ಣಾ ನದಿಯ ಬದಿಗೆ. ಇಲ್ಲಿ ಮರುವಾಯಿಗೆ (ಎರಡು ಚಿಪ್ಪಿನ ಚಿಪ್ಪುಮೀನು) ಬರ ಇಲ್ಲ. ಮರುವಾಯಿ ಪುಂಡಿ (ಮರುವಾಯಿ ಮಸಾಲೆಯಲ್ಲಿ ಹಾಕಿದ ಅಕ್ಕಿಯ ಉಂಡೆ) ಮಾಡದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ. ತಂದ ಮೇಲೆ ಉಪ್ಪು ನೀರಿನಲ್ಲಿ ಒಂದೆರಡು ಗಂಟೆ ಬಿಟ್ಟರೆ ಮರಳು ಉಗುಳುತ್ತವೆ. ಸಿಹಿ ನೀರಿಗೆ ಹಾಕಬೇಡಿ, ಬಾಯಿ ಮುಚ್ಚಿಕೊಂಡು ಮರಳನ್ನು ಒಳಗೇ ಇಟ್ಟುಕೊಳ್ಳುತ್ತವೆ. ಬಾಯಿ ತೆರೆದುಕೊಂಡದ್ದು ಕಂಡರೆ ಬೆರಳಿನಿಂದ ಒಮ್ಮೆ ತಟ್ಟಿ. ಮುಚ್ಚಿಕೊಂಡರೆ ಜೀವ ಉಂಟು, ಇಲ್ಲದಿದ್ದರೆ ಎಸೆಯಿರಿ. ನಾವು ಮೆಟ್ಟುಕತ್ತಿಯಲ್ಲಿ (ಈಳಿಗೆಮಣೆ) ಹಸಿಯಾಗಿಯೇ ಬಿಡಿಸಿ, ಒಂದು ಚಿಪ್ಪಿನಲ್ಲಿ ಮಾಂಸ ಉಳಿಸಿಕೊಂಡು ಇನ್ನೊಂದು ಚಿಪ್ಪು ಬಿಸಾಡುತ್ತೇವೆ. ಅದು ಬಾರದವರು ಇಡಿಯಾಗಿ ಬೇಯಿಸಬಹುದು, ಆಗ ಬೆಂದ ಮೇಲೂ ಬಾಯಿ ಬಿಡದವನ್ನು ಎತ್ತಿ ಬಿಸಾಡಿ.

ಇನ್ನೊಂದು ಮಾತು, ಇದು ಗಂಭೀರದ್ದು. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಮರುವಾಯಿ ತಿಂದವರು ಆಸ್ಪತ್ರೆ ಸೇರಿದ್ದರು, ಜೀವವೂ ಹೋಗಿತ್ತು. ಮರುವಾಯಿ ನೀರನ್ನು ಸೋಸಿ ತಿನ್ನುವ ಪ್ರಾಣಿ. ನೀರಿನಲ್ಲಿ ವಿಷದ ಪಾಚಿ ಎದ್ದ ದಿನಗಳಲ್ಲಿ ಆ ವಿಷ ಅದರ ಮೈಯಲ್ಲಿ ಸೇರಿಕೊಳ್ಳುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ನೀರಿನ ಬಣ್ಣ ಬದಲಾಗಿದೆ, ಮೀನು ಸತ್ತು ತೇಲುತ್ತಿದೆ ಅಂತ ಸುದ್ದಿ ಬಂದರೆ ಸ್ವಲ್ಪ ದಿನ ಮರುವಾಯಿ ಬಿಡಿ. ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಈಗ ತೊರಕೆ ಮೀನು. ನನಗೆ ಬಂಗುಡೆಗಿಂತ ಇದೇ ಇಷ್ಟ, ಆದರೆ ನಮ್ಮ ಮನೆಗೆ ಬರುವ ಅರ್ಧ ಜನ ಅದರ ಚಪ್ಪಟೆ ಮೈ, ಚಾಟಿಯಂಥ ಬಾಲ ನೋಡಿಯೇ ಬೇಡ ಅನ್ನುತ್ತಾರೆ. ಉಳಿದವರು ವಾಸನೆಗೆ ಹೆದರುತ್ತಾರೆ. ವಾಸನೆಗೆ ಕಾರಣ ಉಂಟು. ತೊರಕೆ, ತಾಟೆ (ಶಾರ್ಕ್) ಇವುಗಳ ರಕ್ತದಲ್ಲಿ, ಮಾಂಸದಲ್ಲಿ ಯೂರಿಯಾ ಇರುತ್ತದೆ, ಕಡಲಿನ ಉಪ್ಪು ತಡೆದುಕೊಳ್ಳಲು ಅವುಗಳ ಉಪಾಯ ಅದು. ಸತ್ತ ಮೇಲೆ ಅದೇ ಯೂರಿಯಾ ಅಮೋನಿಯಾ ಆಗುತ್ತದೆ. ಹಾಗಾಗಿ ತೊರಕೆಯನ್ನು ಬಂದ ದಿನವೇ ತರಬೇಕು, ಬಂದ ದಿನವೇ ಮಾಡಬೇಕು. ಮಲ್ಪೆಯಲ್ಲಿ ಮೀನು ಮಾರುವ ಹೆಂಗಸರ ಹತ್ತಿರ ನಾಚಿಕೆ ಬಿಟ್ಟು ತುಂಡನ್ನು ಮೂಗಿನ ಹತ್ತಿರ ಹಿಡಿಯಿರಿ. ಮೂಗು ಉರಿಯುವ ವಾಸನೆ ಬಂದರೆ ಎಷ್ಟು ಕಡಿಮೆ ರೇಟಿಗೆ ಕೊಟ್ಟರೂ ಬೇಡ. ಬಾಲದ ಮುಳ್ಳನ್ನು ಅವರೇ ತೆಗೆದುಕೊಡಲಿ, ಅದರಲ್ಲಿ ವಿಷ ಉಂಟು.

ಮನೆಗೆ ತಂದು ಬಿಸಿ ನೀರು ಸುರಿದರೆ ಮೇಲಿನ ಲೋಳೆ, ಚರ್ಮ ಕೆರೆದು ತೆಗೆಯಲು ಸುಲಭ. ಆಮೇಲೆ ಹುಣಸೆ ನೀರು, ಉಪ್ಪು, ಅರಿಶಿನ ಹಾಕಿ ಕಾಲು ಗಂಟೆ ಇಟ್ಟು, ಹಿಂಡಿ ತೊಳೆಯಿರಿ. ಸ್ವಲ್ಪ ಇದ್ದ ವಾಸನೆ ಹುಳಿಗೆ ಇಳಿದುಹೋಗುತ್ತದೆ. ಮಸಾಲೆಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಳುಮೆಣಸು, ಜೀರಿಗೆ, ನಾಲ್ಕೇ ನಾಲ್ಕು ಮೆಂತೆ ಹುರಿದುಕೊಂಡು, ಬೆಳ್ಳುಳ್ಳಿ, ಹುಳಿ ಸೇರಿಸಿ ನುಣ್ಣಗೆ ಅರೆಯಿರಿ. ಪುಳಿಮುಂಚಿಗೆ, ಅಂದರೆ ಈ ಹುಳಿ ಖಾರದ ಸಾರಿಗೆ, ತೆಂಗಿನಕಾಯಿ ಬೇಡ. ಮಣ್ಣಿನ ಬಿಸಲೆಯಲ್ಲಿ ಮಸಾಲೆ ಕುದಿಸಿ ಆಮೇಲೆ ತುಂಡು ಹಾಕಿ. ಸೌಟು ಆಡಿಸಬೇಡಿ, ಬಿಸಲೆಯನ್ನೇ ಹಿಡಿದು ತಿರುಗಿಸಿ. ತೊರಕೆಯ ಮಾಂಸದಲ್ಲಿ ಮುಳ್ಳಿಲ್ಲ, ಮೆತ್ತನೆಯ ಮೂಳೆ ಮಾತ್ರ, ಮಕ್ಕಳಿಗೂ ಕೊಡಬಹುದು. ಮರುದಿನ ಬೆಳಿಗ್ಗೆ ನೀರು ದೋಸೆಗೆ ಉಳಿದದ್ದನ್ನು ಬಿಸಿ ಮಾಡಿ ಹಾಕಿಕೊಂಡರೆ ಅದರ ಮುಂದೆ ಕೋಳಿ ಸುಕ್ಕವೂ ಸಪ್ಪೆ.

ತಾಟೆಯನ್ನು ನಮ್ಮಲ್ಲಿ ಬಾಣಂತಿಗೆ ಹಾಲು ಹೆಚ್ಚಾಗಲಿ ಅಂತ ಕೊಡುವ ಕ್ರಮ ಇತ್ತು. ನಾನೂ ತಿಂದಿದ್ದೇನೆ, ಮಗಳಿಗೂ ಕೊಟ್ಟಿದ್ದೇನೆ. ಮೊಮ್ಮಗಳಿಗೆ ಕೊಡಲಿಲ್ಲ. ಬೇರೆ ಮೀನು ತಿಂದು ಬದುಕುವ ಇಂಥ ಮೀನಿನಲ್ಲಿ ಪಾದರಸ ಸೇರಿರುತ್ತದೆ, ಬಸುರಿ ಬಾಣಂತಿಗೆ ಬೇಡ ಅಂತ ಈಗಿನ ವೈದ್ಯರು ಹೇಳುತ್ತಾರೆ. ನಾನು ಜಗಳ ಮಾಡಲಿಲ್ಲ. ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಸಣ್ಣ ಮೀನಿನ ಸಾರು ಮಾಡಿಕೊಟ್ಟೆ.

ಬೊಂಡಾಸಿಗೆ (ಸ್ಕ್ವಿಡ್) ಒಂದೇ ಮಾತು. ಎರಡು ಮೂರು ನಿಮಿಷ ಬೇಯಿಸಿ, ಇಲ್ಲವೇ ಮುಕ್ಕಾಲು ಗಂಟೆ. ನಡುವೆ ನಿಲ್ಲಿಸಿದರೆ ರಬ್ಬರು.

ಮೊದಲ ಗುಡುಗು ಬಂದು ಮಳೆ ಹಿಡಿಯುತ್ತಿದ್ದ ಹಾಗೆ ಕಾರ್ಕಳದ ಕಡೆ ಕಲ್ಲಲಾಂಬು ಮಾರಾಟಕ್ಕೆ ಬರುತ್ತದೆ. ಗೋಲಿಯಂತೆ ದುಂಡಗೆ, ಮಣ್ಣು ಮೆತ್ತಿಕೊಂಡಿರುವ ಅಣಬೆ. ರೇಟು ಕೇಳಿದರೆ ತಲೆ ತಿರುಗುತ್ತದೆ. ಕಾಡಿನ ಅಣಬೆಗಳಲ್ಲಿ ನಾನು ಧೈರ್ಯವಾಗಿ ತಿನ್ನುವುದು ಇದು ಮತ್ತು ಹುತ್ತದ ಮೇಲೆ ಏಳುವುದು, ಅದೂ ಗುರುತಿದ್ದವರು ತಂದುಕೊಟ್ಟರೆ ಮಾತ್ರ. ಕಲ್ಲಲಾಂಬನ್ನು ಮೂರು ನಾಲ್ಕು ನೀರಿನಲ್ಲಿ ತಿಕ್ಕಿ ತೊಳೆದು ಪ್ರತಿಯೊಂದನ್ನೂ ಎರಡು ಹೋಳು ಮಾಡಬೇಕು. ಪ್ರತಿಯೊಂದನ್ನೂ, ಉದಾಸೀನ ಬೇಡ. ಒಳಗೆ ಪೂರ್ತಿ ಬೆಳ್ಳಗೆ, ಗಟ್ಟಿಯಾಗಿ ಇರಬೇಕು. ಕಪ್ಪಾಗಿದ್ದರೆ ಬಲಿತದ್ದು, ಅಥವಾ ಅದು ಬೇರೆಯೇ ಜಾತಿ. ಒಳಗೆ ಪುಟ್ಟ ಕೊಡೆಯ ಆಕಾರ ಕಂಡರೆ ಅದು ಇನ್ನೂ ಅರಳದ ವಿಷದ ಅಣಬೆ ಇರಬಹುದು, ಎಸೆಯಿರಿ.

ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷ ಇಲ್ಲ, ಬೆಳ್ಳುಳ್ಳಿಯ ಬಣ್ಣ ಬದಲಾಗದಿದ್ದರೆ ತಿನ್ನಬಹುದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು. ಇವೆಲ್ಲ ಸುಮ್ನೆ ಹೇಳುವ ಮಾತು, ನಂಬಬೇಡಿ. ಕೆಟ್ಟ ಅಣಬೆಯ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದು ಆರೇಳು ಗಂಟೆ ಏನೂ ಆಗದೆ, ಆಮೇಲೆ ವಾಂತಿ ಭೇದಿ ಶುರುವಾದರೆ ಅದೇ ಜಾಸ್ತಿ ಅಪಾಯ, ಯಕೃತ್ತಿಗೇ ಹೊಡೆತ. ನಡುವೆ ಒಂದು ದಿನ ಹುಷಾರಾದ ಹಾಗೆ ಅನಿಸಿದರೂ ಮೋಸ ಹೋಗಬೇಡಿ. ಆಸ್ಪತ್ರೆಗೆ ಹೋಗುವಾಗ ಉಳಿದ ಅಣಬೆಯನ್ನೂ ಕಟ್ಟಿಕೊಂಡು ಹೋಗಿ.

ಕಣಿಲೆ, ಅಂದರೆ ಎಳೆ ಬಿದಿರು. ಸಿಪ್ಪೆ ಬಿಡಿಸಿ ಸಣ್ಣಗೆ ಹೆಚ್ಚಿ ಮೂರು ದಿನ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಒಮ್ಮೆ ಕುದಿಸಿ ಆ ನೀರನ್ನೂ ಚೆಲ್ಲಿ. ಅದರಲ್ಲಿ ಸಯನೈಡ್ ಆಗುವ ಅಂಶ ಉಂಟು, ನೀರು ಚೆಲ್ಲುವುದು ಕಹಿಗೆ ಮಾತ್ರ ಅಲ್ಲ. ಮೊಳಕೆ ಬಂದ ಹೆಸರುಕಾಳು ಹಾಕಿ ಕಣಿಲೆ ಪದೆಂಗಿ ಮಾಡಿದರೆ ಗಂಜಿಗೆ ಬೇರೆ ಏನೂ ಬೇಡ.

ಕೆಸುವಿನ ವಿಷಯದಲ್ಲಿ ನನ್ನದೇ ಮಾನ ಹೋದ ಕಥೆ ಉಂಟು. ಮದುವೆಯಾದ ವರ್ಷ ಮಾವನಿಗೆ ಪತ್ರೊಡೆ ಮಾಡಿದೆ. ಹುಳಿ ಕಡಿಮೆ ಹಾಕಿದ್ದೆ, ಅವಸರದಲ್ಲಿ ಅರ್ಧ ಗಂಟೆಗೇ ಇಳಿಸಿದ್ದೆ. ಮಾವ ಒಂದು ತುಂಡು ತಿಂದು ಏನೂ ಹೇಳದೆ ಬೆಲ್ಲ ಕೇಳಿದರು, ಆಮೇಲೆ ಮಜ್ಜಿಗೆ ಕೇಳಿದರು, ಆಮೇಲೆ ಎದ್ದು ಹೊರಗೆ ಹೋದರು. ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳು ಇರುತ್ತದೆ, ಗಂಟಲಿಗೆ ಚುಚ್ಚುತ್ತದೆ. ಹಾಗಾಗಿ ಎಲೆಯ ಹಿಂದಿನ ದಪ್ಪ ನಾರು ಕೆತ್ತಿ ತೆಗೆಯಿರಿ, ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಅಕ್ಕಿ ಹಿಟ್ಟಿಗೆ ಹುಣಸೆ ಧಾರಾಳ ಹಾಕಿ, ಒಂದು ಗಂಟೆ ಹಬೆಯಲ್ಲಿ ಬೇಯಿಸಿ. ಮರದ ಮೇಲೆ ಮಳೆಗಾಲದಲ್ಲಿ ಹುಟ್ಟುವ ಮರಕೆಸುವಿಗೂ ಇದೇ ಕ್ರಮ. ಮಾವ ಮುಂದಿನ ವರ್ಷದವರೆಗೂ ನನ್ನ ಪತ್ರೊಡೆ ಮುಟ್ಟಲಿಲ್ಲ.

ಚಗಳಿ ಚಟ್ನಿ ನಾನು ತಿಂದದ್ದು ಆಗುಂಬೆ ಘಾಟಿ ಮೇಲಿನ ನೆಂಟರ ಮನೆಯಲ್ಲಿ. ಮರದ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಅದು. ಒಣ ಬಾಣಲೆಯಲ್ಲಿ ಹುರಿದು ಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆಯುತ್ತಾರೆ. ಹುಳಿ ಹಾಕಬೇಕಾಗಿಲ್ಲ, ಇರುವೆಯೇ ಹುಳಿ. ಒಡಿಶಾದ ಸಿಮ್ಲಿಪಾಲದ ಇಂಥದ್ದೇ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿತು ಅಂತ ಪೇಪರಿನಲ್ಲಿ ಓದಿ ನಕ್ಕಿದ್ದೆ. ಸಿಗಡಿ ತಿಂದರೆ ಮೈ ತುರಿಸುವವರು ಇದನ್ನು ಮುಟ್ಟದಿರುವುದು ಒಳ್ಳೆಯದು.

ಇನ್ನು ಕಾಡುಪ್ರಾಣಿ. ಮೊನ್ನೆ ಮೊಮ್ಮಗ ಮೊಬೈಲಿನಲ್ಲಿ ಯಾರೋ ಉಡ ಸುಡುವ ವಿಡಿಯೊ ತೋರಿಸಿ, "ಅಜ್ಜಿ, ನೀವು ಇದನ್ನೂ ತಿಂದಿದ್ದೀರಾ?" ಅಂತ ಕೇಳಿದ. ಉಡ ತಿಂದಿಲ್ಲ ಮಾರಾಯ, ಆದರೆ ಚಿಕ್ಕಂದಿನಲ್ಲಿ ಕಾಡುಹಂದಿ ತಿಂದಿದ್ದೇನೆ. ಅಜ್ಜನ ಕಾಲದಲ್ಲಿ ಗದ್ದೆಗೆ ಬಂದ ಹಂದಿಯನ್ನು ಊರೇ ಸೇರಿ ಹೊಡೆದು ಪಾಲು ಹಾಕುತ್ತಿದ್ದರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಈಗ ಕಾಡುಹಂದಿ, ಮುಳ್ಳುಹಂದಿ, ಕಡವೆ, ಮೊಲ, ಉಡ, ಆಮೆ ಯಾವುದನ್ನೂ ಹೊಡೆಯುವ ಹಾಗಿಲ್ಲ. ಉಡದಂಥದ್ದಕ್ಕೆ ಕನಿಷ್ಠ 3 ವರ್ಷ ಜೈಲು. ಗದ್ದೆಯ ಕಪ್ಪೆಯೂ ಬೇಡ, ಕಪ್ಪೆ ಕಾಲಿನ ರಫ್ತನ್ನೇ 1987ರಲ್ಲಿ ನಿಲ್ಲಿಸಿದ್ದಾರೆ. ಯಾರಾದರೂ ಕಾಡಿನದ್ದು ಅಂತ ಗುಟ್ಟಾಗಿ ಮಾಂಸ ತಂದುಕೊಟ್ಟರೆ ಒಳಗೆ ಸೇರಿಸಬೇಡಿ. ಅದು ಯಾವುದರ ಮಾಂಸ, ಎಂದು ಸತ್ತದ್ದು, ಹೇಗೆ ಸತ್ತದ್ದು, ಒಂದೂ ಗೊತ್ತಿರುವುದಿಲ್ಲ. ಹಂದಿ ಮಾಂಸವೇ ಬೇಕೆಂದರೆ ನಮ್ಮ ಮಂಗಳೂರಿನ ಕ್ರಿಶ್ಚಿಯನ್ನರ ಮನೆಯ ದುಕ್ರಾ ಮಾಸ್‌ಗಿಂತ ರುಚಿ ಕಾಡಿನಲ್ಲಿ ಎಲ್ಲಿ ಸಿಗಬೇಕು? ಬಾವಲಿ ಕಚ್ಚಿದ ಪೇರಳೆ, ಮಾವು ಸಿಹಿ ಜಾಸ್ತಿ ಅಂತ ನಾವು ಕಚ್ಚಿದ ಜಾಗ ಕೆತ್ತಿ ತಿನ್ನುತ್ತಿದ್ದೆವು. 2018ರಲ್ಲಿ ಪಕ್ಕದ ಕೇರಳದಲ್ಲಿ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದ ಮೇಲೆ ಅದನ್ನೂ ಬಿಟ್ಟೆವು.

ಕಡೆಗೆ ಆಟಿ ಅಮಾವಾಸ್ಯೆಯ ಕಷಾಯ. ಬೆಳಕು ಹರಿಯುವ ಮೊದಲು ಹಾಲೆ ಮರದ ಕೆತ್ತೆಯನ್ನು (ತೊಗಟೆ) ಕಲ್ಲಿನಿಂದ ಜಜ್ಜಿ ತರುವುದು ನಮ್ಮ ಕ್ರಮ, ಕತ್ತಿ ಮುಟ್ಟಿಸುವುದಿಲ್ಲ. ಕತ್ತಲೆಯಲ್ಲಿ ಹಾಲೆ ಅಂತ ಕಾಸರಕದ ಕೆತ್ತೆ ತಂದರೆ ಮುಗಿಯಿತು. ಅದರ ವಿಷಕ್ಕೆ ಮೈ ಸೆಟೆದು ಫಿಟ್ಸ್ ಬರುತ್ತದೆ. ಅದಕ್ಕೇ ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರ ನೋಡಿ ದಾರ ಕಟ್ಟಿ ಬನ್ನಿ. ಹಾಲೆಯಲ್ಲಿ ಒಂದೇ ಗಂಟಿನಿಂದ ಏಳರ ಹತ್ತಿರ ಎಲೆ ಸುತ್ತಲೂ ಹೊರಡುತ್ತವೆ, ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆ ಎದುರುಬದುರು ಎರಡೇ, ಹಾಲು ಇಲ್ಲ. ಸಂಶಯ ಬಂದರೆ ಆ ವರ್ಷ ಕಷಾಯ ಬೇಡ. ಸರಿಯಾದ ಕೆತ್ತೆ ಸಿಕ್ಕಿದರೆ ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು ರಸ ಹಿಂಡಿ, ಬೆಣಚು ಕಲ್ಲನ್ನು ಕೆಂಡದಲ್ಲಿ ಕಾಯಿಸಿ ಅದರೊಳಗೆ ಹಾಕಿ ಚುಂಯ್ ಅನ್ನಿಸಿ. ಒಬ್ಬರಿಗೆ ಒಂದು ಸಣ್ಣ ಲೋಟಕ್ಕಿಂತ ಜಾಸ್ತಿ ಬೇಡ. ಮೆಂತೆ ಗಂಜಿಯನ್ನು ಮೊದಲೇ ಮಾಡಿಟ್ಟಿರಿ. ಕಷಾಯ ಕುಡಿದವರು ಕಹಿಗೆ ಮುಖ ಕಿವುಚಿಕೊಂಡು ಸೀದಾ ಅಡುಗೆಮನೆಗೇ ಬರುತ್ತಾರೆ.