“ಚೆನ್ನಾಗಿದೀನಿ ಅಪ್ಪ” ಅಂತ ಸುಳ್ಳು ಹೇಳೋದು ಬಿಟ್ಟ ವರ್ಷ

2022ರ ಕೊನೆಯಲ್ಲಿ ಅರಸೀಕೆರೆಯಿಂದ ರೈಲು ಹತ್ತಿ ಮೈಸೂರಿಗೆ ಬಂದೆ. ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಒಂದು ಟ್ರಂಕು, ಎರಡು ಚೀಲ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ಹಾಸ್ಟೆಲ್ ಗೇಟಿನ ಹತ್ತಿರ ಅಪ್ಪ “ಏನ್ ಬೇಕಾದ್ರೂ ಫೋನ್ ಮಾಡು ಮಗಾ” ಅಂದು ಹೊರಟರು.

ಫೋನ್ ದಿನಾ ಮಾಡುತ್ತಿದ್ದೆ. ನಿಜ ಮಾತ್ರ ಹೇಳುತ್ತಿರಲಿಲ್ಲ.

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿಯಲ್ಲಿ ಇಂಗ್ಲಿಷ್ ಸ್ವಲ್ಪ ರೂಢಿಯಾಗಿತ್ತು. ಇಲ್ಲಿ ಬಂದ ಮೇಲೆ ಪಾಠದ ವೇಗವೇ ಬೇರೆ. ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮೊದಲ ವರ್ಷ ಎರಡು ಸೈಕಲ್, ಅಂದರೆ ಒಂದೊಂದು ಸೆಮಿಸ್ಟರ್‌ಗೆ ಒಂದೊಂದು ವಿಷಯಗಳ ಗುಂಪು ಇರುತ್ತೆ, ಫಿಸಿಕ್ಸ್ ಮತ್ತು ಕೆಮಿಸ್ಟ್ರಿ. ನಮ್ಮ ಸೆಕ್ಷನ್‌ಗೆ ಮೊದಲು ಬಂದದ್ದು ಕೆಮಿಸ್ಟ್ರಿ ಸೈಕಲ್, ಇಂಜಿನಿಯರಿಂಗ್ ಡ್ರಾಯಿಂಗ್ ಅದರಲ್ಲೇ ಇತ್ತು. ಕ್ಲಾಸಿನಲ್ಲಿ ಅರ್ಥವಾಗದ್ದನ್ನು ರಾತ್ರಿ ಕೂತು ಓದುತ್ತಿದ್ದೆ. ಮಲಗುವಾಗ ಎರಡು ಗಂಟೆ. ಬೆಳಿಗ್ಗೆ ತಿಂಡಿ ಬಿಟ್ಟು ಓಡುವುದು, ಕ್ಲಾಸಿನಲ್ಲಿ ತೂಕಡಿಸುವುದು, ಆಗ ತಪ್ಪಿದ ಪಾಠಕ್ಕೆ ಮತ್ತೆ ರಾತ್ರಿ ನಿದ್ದೆ ಬಿಡುವುದು. ಒಂದು ತಿಂಗಳು ಹೀಗೇ ನಡೆಯಿತು. ನಮ್ಮದು ತೆಂಗಿನ ತೋಟ, ಆ ವರ್ಷ ಕೊಬ್ಬರಿ ರೇಟು ಬೇರೆ ಬಿದ್ದಿತ್ತು. ಮನೆಯ ಚಿಂತೆ ಮನೆಯವರಿಗೇ ಸಾಕಾಗಿತ್ತು, ಅದಕ್ಕೆ ನನ್ನದೂ ಸೇರಿಸೋದು ಬೇಡ ಅನ್ನಿಸುತ್ತಿತ್ತು.

ಮೊದಲ ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜೇ ನಡೆಸುವ ಟೆಸ್ಟಿನಲ್ಲಿ, ಮ್ಯಾಥ್ಸ್‌ಗೆ 25ಕ್ಕೆ 6 ಬಂತು.

ಅವತ್ತು ಊಟಕ್ಕೆ ಹೋಗದೆ ಮಂಚದ ಮೇಲೆ ಕೂತಿದ್ದೆ. ರೂಮ್‌ಮೇಟ್ ಕಲಬುರಗಿ ಕಡೆಯವಳು. “ಯಾಕ ಹಿಂಗ ಕುಂತಿ? ಊಟ ಮಾಡಿಯೇನು?” ಅಂದಳು. ಪೇಪರ್ ತೋರಿಸಿದೆ. ಅವಳು ತನ್ನ ಬ್ಯಾಗಿನಿಂದ ತನ್ನ ಪೇಪರ್ ತೆಗೆದು ಪಕ್ಕದಲ್ಲಿಟ್ಟಳು. ಅದರಲ್ಲಿ 5 ಇತ್ತು. ಇಷ್ಟು ದಿನ ಒಂದೇ ರೂಮಿನಲ್ಲಿ ಇದ್ದು ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ದೆವು.

ಆ ರಾತ್ರಿ ಅಪ್ಪನಿಗೆ ಎಲ್ಲಾ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, “ಒಂದ್ ತಿಂಗಳಿಂದ ನಿನ್ ದನಿ ಸರಿ ಇಲ್ಲ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಮೊದ್ಲು ಸರಿಯಾಗಿ ಮಲ್ಕೋ” ಅಂದರು. ಅಂಕದ ಬಗ್ಗೆ ಒಂದು ಮಾತೂ ಇಲ್ಲ.

ಹಾಗಾಗಿ ನಾನು ಮೊದಲು ಸರಿ ಮಾಡಿದ್ದು ನಿದ್ದೆಯನ್ನು. ಹನ್ನೊಂದಕ್ಕೆ ಲೈಟ್ ಆಫ್, ಆರಕ್ಕೆ ಎದ್ದೇಳೋದು. ನಾಳೆ ಟೆಸ್ಟ್ ಇದ್ದರೂ ಅಷ್ಟೇ. ಮೊದಲ ವಾರ ಭಯವಾಯ್ತು, ಓದು ಹಿಂದೆ ಬೀಳುತ್ತೆ ಅಂತ. ಆದರೆ ಎಚ್ಚರವಾಗಿ ಕೂತು ಕೇಳಿದ ಪಾಠ ಅರ್ಧಕ್ಕರ್ಧ ಅಲ್ಲೇ ತಲೆಗೆ ಹೋಗುತ್ತಿತ್ತು.

ಸಂಜೆ ಏಳರಿಂದ ಒಂಬತ್ತು ಮೆಸ್ಸಿನ ಮೂಲೆ ಟೇಬಲ್ ನಮ್ಮಿಬ್ಬರದು. ಒಬ್ಬಳು ಲೆಕ್ಕ ಮಾಡುತ್ತಾ ಇನ್ನೊಬ್ಬಳಿಗೆ ಕನ್ನಡದಲ್ಲಿ ಜೋರಾಗಿ ಹೇಳಬೇಕು. ಅವಳ ಕನ್ನಡ ಬೇರೆ, ನನ್ನ ಕನ್ನಡ ಬೇರೆ, ಲೆಕ್ಕ ಮಾತ್ರ ಇಬ್ಬರಿಗೂ ತಿಳಿಯುತ್ತಿತ್ತು. ಬಾಯಲ್ಲಿ ಹೇಳಲು ಎಲ್ಲಿ ತಡವರಿಸುತ್ತೇವೋ ಅಲ್ಲೇ ನಮಗೆ ಅರ್ಥವಾಗಿಲ್ಲ ಅಂತ ತಕ್ಷಣ ಗೊತ್ತಾಗುತ್ತಿತ್ತು.

ಡ್ರಾಯಿಂಗ್‌ಗೆ ಇದೂ ಸಾಲಲಿಲ್ಲ. “ಪಂಚಕೋನ ಪಿರಮಿಡ್ ಬುಡದ ಒಂದು ಮೂಲೆಯ ಮೇಲೆ ನಿಂತಿದೆ, ಅಕ್ಷ ಎಚ್‌ಪಿಗೆ 40 ಡಿಗ್ರಿ ವಾಲಿದೆ” ಅಂತ ಪ್ರಶ್ನೆ. ಎಚ್‌ಪಿ ಅಂದರೆ ನೆಲದ ಹಾಗೆ ಮಲಗಿದ ಸಮತಲ, ವಿಪಿ ಅಂದರೆ ಗೋಡೆಯ ಹಾಗೆ ನಿಂತದ್ದು. ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮೆಸ್ಸಿನ ಭಟ್ಟರ ಹತ್ತಿರ ಒಂದು ದೊಡ್ಡ ಆಲೂಗಡ್ಡೆ ಕೇಳಿ ತಂದೆ. ಚಾಕುವಿನಲ್ಲಿ ಐದು ಮುಖ ಬರುವ ಹಾಗೆ ಚೂಪಾಗಿ ಕತ್ತರಿಸಿದೆವು. ಟೇಬಲ್ ಮೇಲಿನ ನೋಟ್‌ಬುಕ್ಕೇ ಎಚ್‌ಪಿ, ಹಿಂದಿನ ಗೋಡೆ ವಿಪಿ. ಮೊದಲು ನೆಟ್ಟಗೆ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ಮೇಲಿನಿಂದ ನೋಡಿದೆ. ಪಂಚಕೋನ, ನಡುವೆ ಬಂದು ಸೇರುವ ಐದು ಗೆರೆ. ಆಮೇಲೆ ಒಂದು ಮೂಲೆಯ ಮೇಲೆ ನಿಧಾನಕ್ಕೆ ವಾಲಿಸಿದೆ. ಪಂಚಕೋನ ಕಿರಿದಾಯ್ತು, ತುದಿ ಹೊರಗೆ ಸರಿಯಿತು, ಬುಡದ ಕೆಲವು ಅಂಚು ಅಡಿಗೆ ಮರೆಯಾಯ್ತು. ಓ, ಚುಕ್ಕೆ ಗೆರೆ ಹಾಕೋದು ಇದಕ್ಕೇನಾ! ಆ ಕ್ಷಣದ ಖುಷಿ ನನಗೆ ಇವತ್ತಿಗೂ ಹಾಗೇ ನೆನಪಿದೆ.

ಪರೀಕ್ಷೆಯ ಲೆಕ್ಕವನ್ನೂ ಆಗಲೇ ಸರಿಯಾಗಿ ಕೂತು ತಿಳಿದುಕೊಂಡೆ. ನಮ್ಮ ಬ್ಯಾಚಿನ ನಿಯಮದ ಪ್ರಕಾರ ಇಂಟರ್ನಲ್ಸ್ 50ಕ್ಕೆ 20 ಬೇಕು, ಕೊನೆಯ ಪರೀಕ್ಷೆಯಲ್ಲಿ 100ಕ್ಕೆ 35. ಐದು ಮಾಡ್ಯೂಲ್, ಒಂದೊಂದರಲ್ಲೂ ಎರಡು ಪ್ರಶ್ನೆ, ಒಂದು ಬರೆದರೆ ಸಾಕು. ಹಾಜರಾತಿ 85 ಪರ್ಸೆಂಟ್. ಇದು ಗೊತ್ತಿಲ್ಲದೆ ಸುಮ್ನೆ ಹೆದರುವವರು ಮೊದಲ ವರ್ಷದಲ್ಲಿ ತುಂಬಾ ಜನ. ಜೂನಿಯರ್‌ಗಳು ಬಂದಾಗ ನಾನು ಇದನ್ನೇ ಮೊದಲು ಹೇಳೋದು. ಸೇರಿದ್ದ ಮೂರು ಕ್ಲಬ್‌ಗಳಲ್ಲಿ ಎರಡು ಬಿಟ್ಟೆ. ಬೇಜಾರೇನೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದೆವು. ಒಂದು ಸುತ್ತು ನಡೆದು ಮುಗಿಯುವವರೆಗೆ ಕಾಲೇಜಿನ ಮಾತು ಆಡಬಾರದು ಅಂತ ನಿಯಮ. ಹೆಜ್ಜಾರ್ಲೆಗಳು ಭಾರವಾದ ಮೈ ಹೊತ್ತು ನೀರಿಗೆ ಇಳಿಯುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅವಳು ಮನೆಯ ಜೋಳದ ರೊಟ್ಟಿ ನೆನೆಯುತ್ತಿದ್ದಳು, ನಾನು ನಮ್ಮ ತೋಟ. ಊರು ನೆನಪಾಗಿ ಅಳು ಬಂದರೆ ಅಲ್ಲೇ ಕಲ್ಲು ಬೆಂಚಿನ ಮೇಲೆ ಅತ್ತು ಬರುತ್ತಿದ್ದೆವು. ವಾರವಿಡೀ ತಡೆದುಕೊಂಡು ಓದುವುದಕ್ಕಿಂತ ಅದು ಎಷ್ಟೋ ವಾಸಿ.

ರಿಸಲ್ಟ್ ಬಂತು. ಮ್ಯಾಥ್ಸ್ 64. ಡ್ರಾಯಿಂಗ್ ಅದಕ್ಕಿಂತ ಜಾಸ್ತಿ. ಕೆಮಿಸ್ಟ್ರಿ ಬ್ಯಾಕ್, ಅಂದರೆ ಫೇಲ್.

ಕೈ ನಡುಗುತ್ತಿತ್ತು. ಆದರೂ ಬೇರೆ ಯಾರಿಗೂ ಹೇಳುವ ಮೊದಲು ಅಪ್ಪನಿಗೆ ಫೋನ್ ಮಾಡಿದೆ. ತೋಟದಲ್ಲಿದ್ದರು, ಕಾಯಿ ಕೆಡವುತ್ತಿದ್ದ ಸದ್ದು ಕೇಳಿಸುತ್ತಿತ್ತು.

“ಕೆಮಿಸ್ಟ್ರಿ ಹೋಯ್ತು ಅಪ್ಪ.”

“ಮತ್ತೆ ಯಾವಾಗ ಬರೀಬೇಕು?”

ಹೇಳಿದೆ. “ರಾತ್ರಿ ನಿದ್ದೆ ಮಾಡಿದ್ಯಾ?” ಅಂದರು. ಮಾಡಿದ್ದೆ. ಆಮೇಲೆ ತಿಪಟೂರು ಮಾರ್ಕೆಟ್ಟಿನಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಗುತ್ತಿದೆ, ಈ ಸಲದ ಸಾಲ ಎಷ್ಟಾಯ್ತು ಅಂತ ಅವರೂ ಮೊದಲ ಸಲ ನನಗೆ ಬಿಡಿಸಿ ಹೇಳಿದರು.